ಅಷ್ಟೆಲ್ಲ ಗೊತ್ತಾದ ಮೇಲೂ ಜನ ಯಾಕೆ ಸುಮ್ಮನಿದ್ದರು?

ನಾನು ಮಡಿಕೇರಿಯಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ವಿಯೆಟ್ನಾಂ ಯುದ್ಧದ ಪಾಠ ಬಂದಾಗ ಒಂದು ಪೂರ್ತಿ ತರಗತಿಯನ್ನು, ಅಮೆರಿಕನ್ ಸೈನಿಕರು ನೂರಾರು ನಾಗರಿಕರನ್ನು ಕೊಂದ ಮೈ ಲಾಯ್ ಎಂಬ ಊರಿಗೆ ಎತ್ತಿಡುತ್ತೇನೆ. ಆ ದಿನ ಗಂಟೆ ಹೊಡೆದರೂ ಮಕ್ಕಳು ಬೇಗ ಏಳುವುದಿಲ್ಲ. ಪ್ರತಿ ವರ್ಷ ಯಾರಾದರೂ ಒಬ್ಬರು ಅದೇ ಪ್ರಶ್ನೆ ಕೇಳುತ್ತಾರೆ. "ಫೋಟೋ ಎಲ್ಲ ಪೇಪರಲ್ಲಿ ಬಂದ ಮೇಲೂ ಅಲ್ಲಿನ ಜನ ಸುಮ್ನೆ ಇದ್ರಾ ಮೇಡಂ?"

ಇದನ್ನು ಮಕ್ಕಳು ಮಾತ್ರ ಕೇಳುವುದಿಲ್ಲ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ನಾನು ಇತಿಹಾಸದ ಟೀಚರ್ ಅಂತ ಗೊತ್ತಾದ ಕೂಡಲೇ ಗಾಜಾ, ಉಕ್ರೇನ್, ಸುಡಾನ್ ಹೆಸರು ಹೇಳಿ ದೊಡ್ಡವರೂ ಇದನ್ನೇ ಕೇಳುತ್ತಾರೆ. ಕಣ್ಣಿಗೆ ಕಾಣುತ್ತಿದೆಯಲ್ಲ, ಮತ್ತೆ ಯಾಕೆ ಯಾರಿಗೂ ಏನೂ ಅನ್ನಿಸುವುದಿಲ್ಲ?

ಇವತ್ತಿನ ಯುದ್ಧಗಳ ಬಗ್ಗೆ ತೀರ್ಪು ಕೊಡುವಷ್ಟು ದೂರ ನಾವಿನ್ನೂ ಬಂದಿಲ್ಲ. ಹಾಗಾಗಿ ನನಗೆ ಚೆನ್ನಾಗಿ ಗೊತ್ತಿರುವ ಮೈ ಲಾಯ್ ಇಟ್ಟುಕೊಂಡೇ ಉತ್ತರ ಹೇಳುತ್ತೇನೆ. ಜನ ಸುಮ್ಮನಿರಲಿಲ್ಲ. ಅವರಿಗೆ ಭಯಂಕರ ಸಿಟ್ಟು ಬಂತು. ಆದರೆ ಆ ಸಿಟ್ಟು ಯಾವಾಗ ಬಂತು, ಯಾರ ಮೇಲೆ ಬಂತು, ಅದನ್ನು ಯಾರು ಬಳಸಿಕೊಂಡರು ಅನ್ನುವುದನ್ನು ನೋಡಬೇಕು.

ಮೊದಲು ನಡೆದದ್ದು ಏನು ಅಂತ ಹೇಳಿಬಿಡುತ್ತೇನೆ. 1968ರ ಮಾರ್ಚ್ 16, ಶನಿವಾರ. ದಕ್ಷಿಣ ವಿಯೆಟ್ನಾಮಿನ ಕ್ವಾಂಗ್ ನ್ಗಾಯ್ ಪ್ರಾಂತ್ಯದ ಸೋನ್ ಮಿ ಗ್ರಾಮ. ಅದರ ಒಂದು ಕೇರಿಗೆ ಅಮೆರಿಕನ್ ಸೇನೆಯ ನಕ್ಷೆಯಲ್ಲಿ ಮೈ ಲಾಯ್ 4 ಎಂದು ಹೆಸರು. ಬೆಳಿಗ್ಗೆ ಏಳೂವರೆ ಸುಮಾರಿಗೆ ಚಾರ್ಲಿ ಕಂಪನಿಯ ಸೈನಿಕರು ಹೆಲಿಕಾಪ್ಟರಿನಿಂದ ಗದ್ದೆಗೆ ಇಳಿದರು. ಅಲ್ಲಿ ಶತ್ರು ಪಡೆ ಇದೆ, ಊರಿನವರು ಅಷ್ಟೊತ್ತಿಗೆ ಸಂತೆಗೆ ಹೋಗಿರುತ್ತಾರೆ ಎಂದು ಅವರಿಗೆ ಹೇಳಿ ಕಳಿಸಿದ್ದರು. ಹಿಂದಿನ ವಾರಗಳಲ್ಲಿ ನೆಲಬಾಂಬಿಗೆ, ಬಚ್ಚಿಟ್ಟ ಸ್ಫೋಟಕಗಳಿಗೆ ಅವರ ಗೆಳೆಯರು ಬಲಿಯಾಗಿದ್ದರು. ಹಿಂದಿನ ದಿನವಷ್ಟೇ ಸತ್ತ ಸಾರ್ಜೆಂಟ್ ಒಬ್ಬರಿಗೆ ಶ್ರದ್ಧಾಂಜಲಿ ಸಲ್ಲಿಸಿದ್ದರು.

ಊರಿನಲ್ಲಿ ಶತ್ರು ಪಡೆ ಇರಲಿಲ್ಲ. ಇವರ ಮೇಲೆ ಒಂದು ಗುಂಡೂ ಹಾರಲಿಲ್ಲ. ಹೆಂಗಸರು ಬೆಳಗಿನ ಗಂಜಿ ಮಾಡುತ್ತಿದ್ದರು. ಮುದುಕರು, ಮಕ್ಕಳು ಮನೆಯಲ್ಲಿದ್ದರು. ಸೈನಿಕರು ಅವರನ್ನು ಮನೆಯಿಂದ ಎಳೆದು ಗುಂಪು ಮಾಡಿ ಕೊಂದರು. ಹೆಂಗಸರ ಮೇಲೆ ಅತ್ಯಾಚಾರ ಮಾಡಿದರು. ಮನೆ ಸುಟ್ಟರು, ದನ ಕೊಂದರು. ಊರಿನ ಪಕ್ಕದ ನೀರಿನ ಕಾಲುವೆಗೆ ಹತ್ತಾರು ಜನರನ್ನು ತಳ್ಳಿ ಮೇಲಿನಿಂದ ಗುಂಡು ಹಾರಿಸಿದರು. ಅಮೆರಿಕನ್ ಸೇನೆಯ ಲೆಕ್ಕದಲ್ಲಿ ಸತ್ತವರು 347. ಸೋನ್ ಮಿ ಸ್ಮಾರಕದ ಕಲ್ಲಿನ ಮೇಲೆ 504 ಹೆಸರುಗಳಿವೆ. ಅದೇ ಬೆಳಿಗ್ಗೆ ಪಕ್ಕದ ಮಿ ಖೆ ಕೇರಿಯಲ್ಲಿ ಇನ್ನೊಂದು ಕಂಪನಿ ಕೊಂದವರೂ ಆ ಲೆಕ್ಕದಲ್ಲಿ ಸೇರಿದ್ದಾರೆ. 504ರಲ್ಲಿ 182 ಹೆಂಗಸರು, 173 ಮಕ್ಕಳು.

ಆ ಕಂಪನಿಯಲ್ಲಿ ಗುಂಡೇಟು ತಿಂದವನು ಒಬ್ಬನೇ. ಅದೂ ಅವನ ಕೈಯಿಂದಲೇ ಅವನ ಪಾದಕ್ಕೆ ಬಿದ್ದ ಗುಂಡು. ಆದರೂ ಸಂಜೆ ಹೋದ ವರದಿ, 128 ಶತ್ರುಗಳು ಹತರಾದರು ಎಂದಿತು. ಸಿಕ್ಕ ಆಯುಧ ಮೂರು. 128 ಹೆಣಕ್ಕೆ ಮೂರು ಬಂದೂಕು. ಈ ಲೆಕ್ಕ ನೋಡಿದ ಯಾವ ಅಧಿಕಾರಿಗಾದರೂ ಅನುಮಾನ ಬರಬೇಕಿತ್ತು. ವಿಯೆಟ್ನಾಮಿನಲ್ಲಿದ್ದ ಅಮೆರಿಕನ್ ಪಡೆಗಳ ಮುಖ್ಯಸ್ಥ ಜನರಲ್ ವೆಸ್ಟ್‌ಮೋರ್‌ಲ್ಯಾಂಡ್ ಅಭಿನಂದನೆ ಕಳಿಸಿದರು.

ಆಮೇಲೆ ಒಂದೂವರೆ ವರ್ಷ ಸದ್ದೇ ಇಲ್ಲ. ಒಳಗಿನವರಿಗೆ ಗೊತ್ತಿತ್ತು. ಅಂದು ಊರಿನ ಮೇಲೆ ಹಾರಾಡುತ್ತಿದ್ದ ಹೆಲಿಕಾಪ್ಟರ್ ಪೈಲಟ್ ಹ್ಯೂ ಥಾಂಪ್ಸನ್ ಕಂಡದ್ದನ್ನು ಅದೇ ದಿನ ಮೇಲಧಿಕಾರಿಗಳಿಗೆ ಹೇಳಿದ್ದರು. ತನಿಖೆ ಅಂತ ಒಂದು ನಡೆಯಿತು. ಇಪ್ಪತ್ತು ನಾಗರಿಕರು ಅಕಸ್ಮಾತ್ತಾಗಿ ಸತ್ತರು ಎಂದು ಬರೆದು ಕಡತ ಮುಚ್ಚಿದರು. ರಾನ್ ರೈಡನ್‌ಅವರ್ ಎಂಬ ಯುವ ಸೈನಿಕ ಆ ಹತ್ಯೆಯಲ್ಲಿ ಇರಲಿಲ್ಲ. ಗೆಳೆಯರ ಬಾಯಿಂದ ಕೇಳಿದ್ದ. ಅವನಿಗೆ ತಡೆಯಲಾಗಲಿಲ್ಲ. ಊರಿಗೆ ಮರಳಿದ ಮೇಲೆ, 1969ರ ಮಾರ್ಚ್ ಕೊನೆಗೆ, ಅಧ್ಯಕ್ಷರಿಗೆ, ಸೇನಾ ಕಚೇರಿಗೆ, ಸಂಸದರಿಗೆ ಅಂತ ಮೂವತ್ತರಷ್ಟು ಪತ್ರ ಕಳಿಸಿದ. ಹೆಚ್ಚಿನವರು ಪಕ್ಕಕ್ಕಿಟ್ಟರು. ಒಂದಿಬ್ಬರು ಬೆನ್ನು ಹತ್ತಿದ್ದರಿಂದ ಸರಿಯಾದ ತನಿಖೆ ಶುರುವಾಯಿತು.

ಅದೇ ವರ್ಷ ನವೆಂಬರಿನಲ್ಲಿ ಸೀಮೋರ್ ಹರ್ಷ್ ಎಂಬ ಪತ್ರಕರ್ತ ಸುದ್ದಿ ಬಯಲು ಮಾಡಿದರು. ಲೈಫ್, ಲುಕ್ ಪತ್ರಿಕೆಗಳು ಮೊದಲು ಬೇಡ ಎಂದಿದ್ದವು. ಕೊನೆಗೆ ಒಂದು ಸಣ್ಣ ಸುದ್ದಿ ಸಂಸ್ಥೆಯ ಮೂಲಕ ಹೊರಬಂತು. ವಾರದೊಳಗೆ ಕ್ಲೀವ್‌ಲ್ಯಾಂಡಿನ ಒಂದು ಪತ್ರಿಕೆ ಫೋಟೋಗಳನ್ನೂ ಹಾಕಿತು. ಅವನ್ನು ತೆಗೆದವನು ಸೇನೆಯ ಫೋಟೋಗ್ರಾಫರ್ ರಾನ್ ಹೇಬರ್ಲೆ. ಸರ್ಕಾರಿ ಕ್ಯಾಮೆರಾದ ಕಪ್ಪುಬಿಳುಪು ಚಿತ್ರಗಳನ್ನು ಸೇನೆಗೆ ಕೊಟ್ಟು, ತನ್ನ ಸ್ವಂತ ಕ್ಯಾಮೆರಾದ ಕಲರ್ ರೀಲನ್ನು ತನ್ನ ಬಳಿಯೇ ಉಳಿಸಿಕೊಂಡಿದ್ದ.

ಹೇಬರ್ಲೆ ಕಥೆಯಲ್ಲಿ ಒಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ಪತ್ರಿಕೆಗೆ ಕೊಡುವ ಮೊದಲೇ ಅವನು ತನ್ನ ರಾಜ್ಯ ಓಹಾಯೋದಲ್ಲಿ ಸಂಘ ಸಂಸ್ಥೆಗಳ ಸಭೆಗಳಿಗೆ ಹೋಗಿ ವಿಯೆಟ್ನಾಮಿನ ಸ್ಲೈಡ್ ತೋರಿಸಿ ಮಾತಾಡುತ್ತಿದ್ದ. ಅವುಗಳ ನಡುವೆ ಈ ಹೆಣಗಳ ಚಿತ್ರಗಳೂ ಇದ್ದವು. ನೋಡಿದವರಲ್ಲಿ ಹಲವರು ನಂಬಲೇ ಇಲ್ಲ. ನಮ್ಮ ಹುಡುಗರು ಹೀಗೆ ಮಾಡುವುದಿಲ್ಲ ಅಂದುಕೊಂಡು ಮನೆಗೆ ಹೋದರು. ಅಂದರೆ ದೇಶಕ್ಕೆ ಗೊತ್ತಾಗುವ ಮೊದಲೇ ಆ ಚಿತ್ರಗಳನ್ನು ಕಣ್ಣಾರೆ ಕಂಡವರಿದ್ದರು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತೇವೆ. ಆದರೆ ನಮ್ಮ ಅಂಗೈಯಲ್ಲಿ ಹುಣ್ಣಾಗುವುದೇ ಇಲ್ಲ ಅಂತ ನಂಬಿದವನು ಅಂಗೈಯನ್ನೇ ನೋಡುವುದಿಲ್ಲ ಅಲ್ವಾ?

ಫೋಟೋ ಬಂದ ಮೇಲೆ ಆಘಾತವಾದದ್ದು ನಿಜ. ಆ ತಿಂಗಳು ವಾಷಿಂಗ್ಟನ್ನಿನಲ್ಲಿ ಲಕ್ಷಾಂತರ ಜನ ಯುದ್ಧದ ವಿರುದ್ಧ ಬೀದಿಗಿಳಿದಿದ್ದರು. ಅವರ ಕೈಗೆ ಇದೂ ಒಂದು ಸಾಕ್ಷಿಯಾಗಿ ಸಿಕ್ಕಿತು. ಆದರೆ ದೇಶದ ದೊಡ್ಡ ಪಾಲು ಜನ ಎದ್ದು ನಿಂತದ್ದು ಆಗಲ್ಲ. ಅದಕ್ಕೆ ಇನ್ನೂ ಒಂದೂವರೆ ವರ್ಷ ಬೇಕಾಯಿತು.

1971ರ ಮಾರ್ಚ್ 29. ಜಾರ್ಜಿಯಾ ರಾಜ್ಯದ ಫೋರ್ಟ್ ಬೆನ್ನಿಂಗ್ ಸೇನಾ ನೆಲೆ. ಚಾರ್ಲಿ ಕಂಪನಿಯ ಲೆಫ್ಟಿನೆಂಟ್ ವಿಲಿಯಂ ಕ್ಯಾಲಿ ಎಂಬ ಅಧಿಕಾರಿ ಅಂದು ಕನಿಷ್ಠ 22 ಜನರನ್ನು ಕೊಲೆ ಮಾಡಿದ್ದಾನೆ ಎಂದು ಸೇನಾ ನ್ಯಾಯಾಲಯ ತೀರ್ಪು ಕೊಟ್ಟಿತು. ತೀರ್ಪು ಕೊಟ್ಟವರು ಆರು ಮಂದಿ ಸೇನಾ ಅಧಿಕಾರಿಗಳು. ಅವರಲ್ಲಿ ಐವರು ವಿಯೆಟ್ನಾಮಿನಲ್ಲಿ ಸೇವೆ ಮಾಡಿ ಬಂದವರು. ಯುದ್ಧ ಅಂದರೆ ಏನೆಂದು ಬಲ್ಲವರು. 13 ದಿನ ಕೂತು ಚರ್ಚಿಸಿ ಆ ತೀರ್ಮಾನಕ್ಕೆ ಬಂದಿದ್ದರು. ಎರಡು ದಿನದ ಮೇಲೆ ಜೀವಾವಧಿ ಶಿಕ್ಷೆ ಎಂದರು.

ಆಗ ದೇಶ ಸಿಡಿದೆದ್ದಿತು. ಶ್ವೇತಭವನಕ್ಕೆ ಸಾವಿರಾರು ತಂತಿಗಳು, ಅಂದರೆ ಟೆಲಿಗ್ರಾಂಗಳು, ಬಂದವು. ನೂರು ತಂತಿ ಕ್ಯಾಲಿ ಪರ ಬಂದರೆ ವಿರುದ್ಧ ಬಂದದ್ದು ಒಂದು. ಇಂಡಿಯಾನಾದ ಗವರ್ನರ್ ಬಾವುಟವನ್ನು ಅರ್ಧಕ್ಕೆ ಇಳಿಸಲು ಹೇಳಿದರು. ಜಾರ್ಜಿಯಾದ ಗವರ್ನರ್ ಹಗಲಿನಲ್ಲೇ ಕಾರಿನ ಹೆಡ್‌ಲೈಟ್ ಹಾಕಿಕೊಂಡು ಓಡಾಡಿ ಎಂದು ಜನರಿಗೆ ಕರೆಕೊಟ್ಟು, ಅಮೆರಿಕನ್ ಯೋಧನ ಹೆಸರಿನಲ್ಲಿ ಒಂದು ದಿನಾಚರಣೆಯನ್ನೇ ಘೋಷಿಸಿದರು. ಅವರ ಹೆಸರು ಜಿಮ್ಮಿ ಕಾರ್ಟರ್. ಮುಂದೆ ಅಧ್ಯಕ್ಷರಾಗಿ ಮಾನವ ಹಕ್ಕಿನ ಮಾತನ್ನು ಜಗತ್ತಿಗೆಲ್ಲ ಹೇಳಿದವರು. ಅಲಬಾಮಾದ ಜಾರ್ಜ್ ವಾಲೆಸ್ ಕ್ಯಾಲಿಯನ್ನು ಖುದ್ದಾಗಿ ಹೋಗಿ ಕಂಡರು. ಕ್ಯಾಲಿಯನ್ನು ಹೊಗಳುವ ಒಂದು ಗ್ರಾಮಫೋನ್ ರೆಕಾರ್ಡ್ ಹತ್ತು ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು.

ಇಲ್ಲಿಗೆ ಬಂದಾಗ ಪ್ರತಿ ಸಲ ತರಗತಿಯಲ್ಲಿ ಗದ್ದಲ. "ಛೇ, ಎಂಥಾ ಜನ!" ಅಂತ ಒಬ್ಬರಾದರೂ ಹೇಳುತ್ತಾರೆ. ತಡೀರಿ ಅನ್ನುತ್ತೇನೆ. ಬೋರ್ಡಿನ ಮೇಲೆ ಎರಡು ಅಂಕಿ ಬರೆಯುತ್ತೇನೆ.

ಮೊದಲ ಅಂಕಿ 79. ಆ ವಾರ ಗ್ಯಾಲಪ್ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ 79 ಜನ ತೀರ್ಪು ಒಪ್ಪಲಿಲ್ಲ. ಒಪ್ಪಿದವರು 9 ಮಾತ್ರ. ಎರಡನೇ ಅಂಕಿ 71. ತೀರ್ಪು ಒಪ್ಪದವರನ್ನು ಯಾಕೆ ಅಂತಲೂ ಕೇಳಿದ್ದರು. ಮೈ ಲಾಯ್‌ನಲ್ಲಿ ನಡೆದದ್ದು ಅಪರಾಧವೇ ಅಲ್ಲ ಎಂದವರು ನೂರಕ್ಕೆ 20. ಕ್ಯಾಲಿ ಜೊತೆಗೆ ಇನ್ನೂ ಹಲವರು ಹೊಣೆಗಾರರು ಎಂದವರು 71.

ಈ 71 ಅನ್ನುವ ಅಂಕಿಯ ಮುಂದೆ ನಾನು ತುಂಬಾ ಸಲ ಕೂತಿದ್ದೇನೆ. ಅವರು ಹೃದಯವಿಲ್ಲದ ಜನ ಅಂತ ಹೇಳಿ ಮುಗಿಸಲು ಅದು ಬಿಡುವುದಿಲ್ಲ. ಹೆಚ್ಚಿನವರಿಗೆ ಅದು ಅಪರಾಧ ಎಂದು ಗೊತ್ತಿತ್ತು. ಮೇಲಿನವರ ಪಾಲಿದೆ ಎಂದೂ ಗೊತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಭಾವನೆ ಅವರದು. ಯುದ್ಧ ಬೇಕು ಎಂದವರಿಗೂ, ಬೇಡ ಎಂದವರಿಗೂ ಹಾಗೇ ಅನ್ನಿಸಿತ್ತು. ಗಾದೆ ಇಲ್ಲಿ ಪೂರ್ತಿ ಸಲ್ಲುವುದಿಲ್ಲ, ಯಾಕೆಂದರೆ ಕ್ಯಾಲಿ ತನ್ನ ಕೈಯಿಂದಲೇ ಕೊಂದವನು. ಆದರೂ "ಅವನೊಬ್ಬನೇ ಯಾಕೆ?" ಎಂಬ ಪ್ರಶ್ನೆ ಸರಿಯಾದ ಪ್ರಶ್ನೆಯೇ. ಅದನ್ನು ಹಿಡಿದು ಮೇಲಕ್ಕೆ ಹತ್ತಬಹುದಿತ್ತು. ಕ್ಯಾಪ್ಟನ್ ಯಾರು, ಕರ್ನಲ್ ಯಾರು, ಜನರಲ್ ಯಾರು, ಹೆಣದ ಲೆಕ್ಕವನ್ನೇ ಗೆಲುವಿನ ಲೆಕ್ಕ ಮಾಡಿದ ಸರ್ಕಾರ ಯಾರದು ಅಂತ ಕೇಳಬಹುದಿತ್ತು.

ಆದದ್ದು ಬೇರೆ. "ಅವನೊಬ್ಬನೇ ಯಾಕೆ?" ಅನ್ನುವುದು ಕೆಲವೇ ದಿನಗಳಲ್ಲಿ "ಹಾಗಾದರೆ ಅವನೂ ಬೇಡ" ಅಂತಾಯಿತು. ಮಕ್ಕಳ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. ನಾವು ಹೊರಗಿನಿಂದ ನೋಡಿ ಜನರ ನಿರ್ಲಕ್ಷ್ಯ ಅನ್ನುತ್ತೇವಲ್ಲ, ಅದು ಎಷ್ಟೋ ಸಲ ಸಿಟ್ಟು ತಪ್ಪು ಬಾಗಿಲು ತಟ್ಟಿ, ಅಲ್ಲಿ ಒಂದು ಸಮಾಧಾನದ ಮಾತು ಕೇಳಿಸಿಕೊಂಡು ಮನೆಗೆ ಮರಳಿದ ಮೇಲಿನ ಮೌನ.

ಆ ಸಮಾಧಾನದ ಮಾತು ಹೇಳಿದವರು ಅಧ್ಯಕ್ಷ ನಿಕ್ಸನ್. ಶಿಕ್ಷೆ ಘೋಷಣೆಯಾದದ್ದು ಮಾರ್ಚ್ 31ಕ್ಕೆ. ಮರುದಿನವೇ, ಏಪ್ರಿಲ್ 1ಕ್ಕೆ, ಕ್ಯಾಲಿಯನ್ನು ಸೇನೆಯ ಜೈಲಿನಿಂದ ಬಿಡಿಸಿ ಅವನ ವಸತಿಗೆ ಕಳಿಸಲು ಹೇಳಿದರು. ಏಪ್ರಿಲ್ 3ಕ್ಕೆ, ಕೊನೆಯ ತೀರ್ಮಾನವನ್ನು ನಾನೇ ಪರಿಶೀಲಿಸುತ್ತೇನೆ ಎಂದು ಪ್ರಕಟಿಸಿದರು. ಅಷ್ಟೇ. ಜನರಿಗೆ ಏನೋ ನ್ಯಾಯ ಸಿಕ್ಕಿದ ಹಾಗಾಯಿತು. ಹೆಡ್‌ಲೈಟ್‌ಗಳು ಆರಿದವು. ಮೇಲಿನವರ ಮಾತು ಅಲ್ಲಿಗೇ ನಿಂತುಹೋಯಿತು.

ಮೇಲಿನವರಿಗೆ ಏನಾಯಿತು ನೋಡಿ. ಒಟ್ಟು 26 ಜನರ ಮೇಲೆ ಆರೋಪ ಹೊರಿಸಿದ್ದರು. ಶಿಕ್ಷೆ ಆದದ್ದು ಕ್ಯಾಲಿಗೆ ಮಾತ್ರ. ಕಂಪನಿಯ ಕ್ಯಾಪ್ಟನ್ ಅರ್ನೆಸ್ಟ್ ಮೆಡಿನಾ ಅದೇ ಸೆಪ್ಟೆಂಬರಿನಲ್ಲಿ ಖುಲಾಸೆಯಾದರು. ಮುಚ್ಚಿಹಾಕಿದ ಆರೋಪ ಹೊತ್ತಿದ್ದ ಕರ್ನಲ್ ಹೆಂಡರ್ಸನ್ ಡಿಸೆಂಬರಿನಲ್ಲಿ ಖುಲಾಸೆಯಾದರು. ಮೇಜರ್ ಜನರಲ್ ಕೋಸ್ಟರ್ ಅವರನ್ನು ಒಂದು ದರ್ಜೆ ಕೆಳಗಿಳಿಸಿದರು. ಕ್ಯಾಲಿಯ ಶಿಕ್ಷೆ 20 ವರ್ಷಕ್ಕೆ ಇಳಿಯಿತು, ಆಮೇಲೆ 10ಕ್ಕೆ. 1974ರಲ್ಲಿ ಹೊರಗೆ ಬಂದ. ಅದರೊಳಗಿನ ಮೂರೂ ಚಿಲ್ಲರೆ ವರ್ಷದಲ್ಲಿ ಹೆಚ್ಚಿನ ಕಾಲ ತನ್ನ ಅಪಾರ್ಟ್‌ಮೆಂಟಿನಲ್ಲೇ ಇದ್ದ. 1972ರ ಚುನಾವಣೆಯಲ್ಲಿ ನಿಕ್ಸನ್ 50 ರಾಜ್ಯಗಳಲ್ಲಿ 49 ಗೆದ್ದರು. ಅವರ ಆಪ್ತ ಹಾಲ್ಡೆಮನ್ 1969ರ ಡಿಸೆಂಬರಿನಲ್ಲಿ ಬರೆದಿಟ್ಟ ಟಿಪ್ಪಣಿಗಳು ಎಷ್ಟೋ ವರ್ಷದ ಮೇಲೆ ಹೊರಬಂದವು. ಮೈ ಲಾಯ್ ಸುದ್ದಿಯನ್ನು ನಿಭಾಯಿಸಲು ಒಂದು ತಂಡ ಮಾಡಬೇಕು, ಸಾಕ್ಷಿಯೊಬ್ಬರ ಮಾತಿನ ಮೇಲೆ ಜನರಿಗೆ ನಂಬಿಕೆ ಹೋಗುವಂತೆ ಮಾಡಬೇಕು ಎಂಬ ಅರ್ಥದ ಸಾಲುಗಳು ಅದರಲ್ಲಿವೆ. ಜನ ಬೀದಿಯಲ್ಲಿ ಸಿಟ್ಟು ತೋರಿಸುವ ಮೊದಲೇ ಮೇಲೆ ಕೂತವರು ಲೆಕ್ಕ ಹಾಕಿದ್ದರು.

ಇದನ್ನು ಆಗಲೇ ಕಂಡು ಬಾಯಿಬಿಟ್ಟು ಹೇಳಿದ ಒಬ್ಬರಿದ್ದರು. ಕ್ಯಾಪ್ಟನ್ ಆಬ್ರಿ ಡೇನಿಯಲ್, ಕ್ಯಾಲಿ ವಿರುದ್ಧ ವಾದ ಮಾಡಿದ ಸೇನಾ ವಕೀಲ. ಇನ್ನೂ ಮೂವತ್ತು ತುಂಬದ ಹುಡುಗ. ತನ್ನ ಮಹಾದಂಡನಾಯಕನೇ ಆದ ಅಧ್ಯಕ್ಷನಿಗೆ ನೇರವಾಗಿ ಪತ್ರ ಬರೆದ. ಇಷ್ಟೊಂದು ಜನರಿಗೆ ಈ ಮೊಕದ್ದಮೆಯ ನೈತಿಕ ಪ್ರಶ್ನೆಯೇ ಕಾಣದೆ ಹೋದದ್ದು ಆಘಾತ ತಂದಿದೆ, ಆದರೆ ದೇಶದ ನಾಯಕರಿಗೂ ಅದು ಕಾಣಲಿಲ್ಲ ಅಥವಾ ಕಂಡೂ ರಾಜಕೀಯಕ್ಕಾಗಿ ರಾಜಿಯಾದರು ಅನ್ನುವುದು ಅದಕ್ಕಿಂತ ಹೆಚ್ಚು ನೋವಿನ ಸಂಗತಿ ಎಂಬ ಅರ್ಥದ ಮಾತು ಅದರಲ್ಲಿದೆ. ಆ ಪತ್ರ ಪತ್ರಿಕೆಗಳಲ್ಲೂ ಬಂತು. ನಿಕ್ಸನ್ ನಿಲುವು ಬದಲಾಗಲಿಲ್ಲ. ಆದರೂ ನಾನು ಮಕ್ಕಳಿಗೆ ಆ ಪತ್ರದ ವಿಷಯ ಹೇಳದೆ ಬಿಡುವುದಿಲ್ಲ.

ಇನ್ನೊಬ್ಬರು ಇಂಡಿಯಾನಾದ ಒಬ್ಬ ರೈತ ಹೆಂಗಸು. ಮೈ ಲಾಯ್‌ನಲ್ಲಿ ಕ್ಯಾಲಿ ಜೊತೆ ನಿಂತು ಗುಂಡು ಹಾರಿಸಿದ ಸೈನಿಕನೊಬ್ಬನ ತಾಯಿ. ಮರುದಿನ ನೆಲಬಾಂಬಿಗೆ ಅವನ ಪಾದ ಹೋಗಿತ್ತು. ಮನೆಗೆ ಬಂದ ಹರ್ಷ್ ಅವರಿಗೆ ಆ ತಾಯಿ ಹೇಳಿದ್ದರಂತೆ, ನಾನು ಕಳಿಸಿದ್ದು ಒಳ್ಳೆಯ ಹುಡುಗನನ್ನು, ಅವರು ಅವನನ್ನು ಕೊಲೆಗಾರನನ್ನಾಗಿ ಮಾಡಿದರು ಅಂತ. ಮಗ ಮಾಡಿದ್ದನ್ನು ಆಕೆ ಮುಚ್ಚಲಿಲ್ಲ. ಕೊಲೆಗಾರ ಎಂಬ ಮಾತನ್ನೇ ಬಳಸಿದರು. ಜೊತೆಗೆ "ಅವರು" ಅಂತ ಬೆರಳನ್ನೂ ಮೇಲಕ್ಕೆ ತೋರಿಸಿದರು. ಎರಡನ್ನೂ ಒಟ್ಟಿಗೆ ಹೇಳುವುದು ಸಾಧ್ಯ ಅಂತ ನನಗೆ ತೋರಿಸಿಕೊಟ್ಟದ್ದು ಆ ಒಂದು ಮಾತು.

ಹಾಗಾದರೆ ಉಳಿದವರಿಗೆ ಯಾಕೆ ಸಾಧ್ಯವಾಗಲಿಲ್ಲ? ನನಗೆ ಕಾಣುವ ಒಂದು ದೊಡ್ಡ ಕಾರಣ ಮುಖ. ಕ್ಯಾಲಿಗೆ ಮುಖವಿತ್ತು. ದಿನವೂ ಟಿವಿಯಲ್ಲಿ, ಪತ್ರಿಕೆಯಲ್ಲಿ ಬರುತ್ತಿದ್ದ. ಎತ್ತರವಿಲ್ಲದ, ಸಾಧಾರಣ ಮನೆಯ, ಪಕ್ಕದ ಬೀದಿಯ ಹುಡುಗನ ಹಾಗೆ ಕಾಣುತ್ತಿದ್ದ. ಕಾಲುವೆಯಲ್ಲಿ ಬಿದ್ದವರಿಗೆ ಮುಖವಿರಲಿಲ್ಲ. ಹೆಣದ ಫೋಟೋ ಇತ್ತು, ಹೆಸರಿರಲಿಲ್ಲ. ಕ್ಯಾಲಿ ಮೇಲಿನ ಮೊದಲ ಆರೋಪಪಟ್ಟಿಯಲ್ಲೇ ಅವರನ್ನು ಹೆಸರಿಲ್ಲದ ಪೌರ್ವಾತ್ಯ ಮನುಷ್ಯರು ಎಂದು ಎಣಿಸಿದ್ದರು. ಹೆಸರಿಲ್ಲದವರಿಗಾಗಿ ಯಾರು ತಂತಿ ಕಳಿಸುತ್ತಾರೆ?

ಅವರನ್ನು ಕಾಪಾಡಲು ಹೋದವರಿಗೂ ಮರ್ಯಾದೆ ಸಿಗಲಿಲ್ಲ. ಹ್ಯೂ ಥಾಂಪ್ಸನ್ ಅಂದು ಮಾಡಿದ್ದನ್ನು ಹೇಳಬೇಕು. ಬಂಕರಿನಲ್ಲಿ ಅಡಗಿದ್ದ ಕೆಲವರ ಕಡೆ ಅಮೆರಿಕನ್ ಸೈನಿಕರು ಹೋಗುವುದನ್ನು ಕಂಡು, ತನ್ನ ಹೆಲಿಕಾಪ್ಟರನ್ನು ಇಬ್ಬರ ನಡುವೆ ಇಳಿಸಿದ. ಇವರು ಊರವರ ಮೇಲೆ ಗುಂಡು ಹಾರಿಸಿದರೆ ನೀವು ಇವರ ಮೇಲೆ ಹಾರಿಸಿ ಎಂದು ತನ್ನ ಜೊತೆಗಾರರಾದ ಲಾರೆನ್ಸ್ ಕೋಲ್‌ಬರ್ನ್, ಗ್ಲೆನ್ ಆಂಡ್ರಿಯೋಟಾ ಇಬ್ಬರಿಗೂ ಹೇಳಿದ. ಬಂಕರಿನ ಜನರನ್ನು ಹೊರಗೆ ಕರೆದು, ಬೇರೆ ಹೆಲಿಕಾಪ್ಟರ್ ಕರೆಸಿ ಸಾಗಿಸಿದ. ಹೋಗುತ್ತಾ ಕಾಲುವೆಯಲ್ಲಿ ಏನೋ ಅಲುಗಾಡಿದ್ದು ಕಂಡಿತು. ಆಂಡ್ರಿಯೋಟಾ ಹೆಣಗಳ ನಡುವೆ ಇಳಿದು ಒಂದು ಮಗುವನ್ನು ಎತ್ತಿಕೊಂಡು ಬಂದ. ಅದನ್ನು ಆಸ್ಪತ್ರೆಗೆ ಮುಟ್ಟಿಸಿದರು. ಮೂರು ವಾರದಲ್ಲಿ ಆಂಡ್ರಿಯೋಟಾ ಯುದ್ಧದಲ್ಲಿ ತೀರಿಕೊಂಡ.

ಥಾಂಪ್ಸನ್ ಸತ್ಯ ಹೇಳಿದ್ದಕ್ಕೆ ಕೊಲೆ ಬೆದರಿಕೆ ಬಂತು. ಮನೆ ಬಾಗಿಲಿಗೆ ಸತ್ತ ಪ್ರಾಣಿಗಳನ್ನು ಎಸೆದರು. ಸಂಸತ್ತಿನ ಸೇನಾ ಸಮಿತಿಯ ಅಧ್ಯಕ್ಷ ಮೆಂಡಲ್ ರಿವರ್ಸ್, ಶಿಕ್ಷೆ ಆಗಬೇಕಾದರೆ ಈ ಥಾಂಪ್ಸನ್‌ಗೇ ಆಗಬೇಕು ಎಂಬಂತೆ ಮಾತಾಡಿದರು. ಮೂವರಿಗೂ ಪದಕ ಸಿಕ್ಕಿದ್ದು 1998ರಲ್ಲಿ. ಮೂವತ್ತು ವರ್ಷದ ಮೇಲೆ.

ಮೈ ಲಾಯ್ ತೀರ್ಪಿನ ಆ ವಾರವನ್ನು ನಮ್ಮವರು ಇನ್ನೊಂದು ಕಾರಣಕ್ಕೆ ನೆನಪಿಟ್ಟುಕೊಳ್ಳಬೇಕು. ಕ್ಯಾಲಿಗೆ ತೀರ್ಪು ಬರುವ ನಾಲ್ಕು ದಿನ ಮೊದಲು, ಮಾರ್ಚ್ 25ರ ರಾತ್ರಿ, ಪಾಕಿಸ್ತಾನದ ಸೇನೆ ಆಗಿನ ಪೂರ್ವ ಪಾಕಿಸ್ತಾನದ, ಅಂದರೆ ಇಂದಿನ ಬಾಂಗ್ಲಾದೇಶದ, ಢಾಕಾದಲ್ಲಿ ಹತ್ಯಾಕಾಂಡ ಶುರು ಮಾಡಿತ್ತು. ಢಾಕಾದ ಅಮೆರಿಕನ್ ಕಾನ್ಸುಲೇಟಿನಲ್ಲಿದ್ದ ಆರ್ಚರ್ ಬ್ಲಡ್ ಕಂಡದ್ದನ್ನೆಲ್ಲ ವಾಷಿಂಗ್ಟನ್ನಿಗೆ ಬರೆಯುತ್ತಲೇ ಇದ್ದರು. ಏಪ್ರಿಲ್ 6ಕ್ಕೆ ಅಲ್ಲಿಂದ ಒಂದು ತಂತಿ ಹೋಯಿತು. ಇಪ್ಪತ್ತು ಮಂದಿ ಸಹಿ ಮಾಡಿದ್ದರು. ನಮ್ಮ ಸರ್ಕಾರ ಈ ಹತ್ಯೆಯನ್ನು ಖಂಡಿಸದೆ ನೈತಿಕವಾಗಿ ಸೋತಿದೆ ಎಂಬುದು ಅದರ ಸಾರ. ನಿಕ್ಸನ್‌ಗೆ ಆಗ ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನ್ ಬೇಕಾಗಿದ್ದರು, ಅವರ ಮೂಲಕ ಚೀನಾಕ್ಕೆ ದಾರಿ ಹುಡುಕುತ್ತಿದ್ದರು. ಜುಲೈನಲ್ಲಿ ನಿಕ್ಸನ್ ಅವರ ಭದ್ರತಾ ಸಲಹೆಗಾರ ಕಿಸಿಂಜರ್ ಗುಟ್ಟಾಗಿ ಬೀಜಿಂಗಿಗೆ ಹೋದದ್ದು ಪಾಕಿಸ್ತಾನದ ಮೂಲಕವೇ. ಒಂದೇ ವಾರ, ಒಂದೇ ಮನೆಗೆ ಎರಡು ಬಗೆಯ ತಂತಿ. ಓಟು ಇರುವ ಸಾವಿರಾರು ತಂತಿಗೆ ತಕ್ಷಣ ಉತ್ತರ ಸಿಕ್ಕಿತು. ಢಾಕಾದ ತಂತಿಗೆ ಸಿಕ್ಕ ಉತ್ತರ, ಬ್ಲಡ್ ಅವರನ್ನು ಅಲ್ಲಿಂದ ವಾಪಸ್ ಕರೆಸಿಕೊಂಡದ್ದು.

ಆ ವರ್ಷ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದರು. ನಮ್ಮ ಸಿಂಧನೂರಿನ ಆರ್‌.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳು ಇವತ್ತಿಗೂ ಇವೆ. ನಮಗೆ ಆಗ ಸಿಟ್ಟು ಬಂತು, ನಿಜವಾದ ಸಿಟ್ಟೇ. ಸಂಕಟಪಟ್ಟವರು ನಮ್ಮ ಅಂಗಳಕ್ಕೇ ಬಂದಿದ್ದರು, ಮುಖ ಕಾಣುತ್ತಿತ್ತು.

ಮೈ ಲಾಯ್ ಒಂದೇ ಅಲ್ಲ. 2004ರಲ್ಲಿ ಇರಾಕಿನ ಅಬು ಘ್ರೈಬ್ ಜೈಲಿನಲ್ಲಿ ಅಮೆರಿಕನ್ ಸೈನಿಕರು ಕೈದಿಗಳನ್ನು ಹಿಂಸಿಸಿದ ಫೋಟೋಗಳು ಬಂದಾಗಲೂ ಹೀಗೇ ಆಯಿತು. ಜಗತ್ತೇ ಬೆಚ್ಚಿತು. ಹನ್ನೊಂದು ಸೈನಿಕರಿಗೆ ಶಿಕ್ಷೆಯಾಯಿತು, ಎಲ್ಲ ಕೆಳದರ್ಜೆಯವರು. ಅದೇ ನವೆಂಬರಿನಲ್ಲಿ ಬುಷ್ ಮತ್ತೆ ಗೆದ್ದರು. ಫೋಟೋಗಳ ಸಿ.ಡಿ.ಯನ್ನು ತನಿಖಾಧಿಕಾರಿಗೆ ತಲುಪಿಸಿದ ಜೋ ಡಾರ್ಬಿ ತನ್ನ ಊರಿಗೆ ಮರಳಿ ಬಾಳಲು ಆಗಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅಮೆರಿಕನ್ನರನ್ನು ಬೈದ ಹಾಗಾಗುತ್ತದೆ. ಅದು ನನ್ನ ಉದ್ದೇಶವಲ್ಲ. ನನ್ನ ತರಗತಿಯಲ್ಲಿ ಸೇನೆಯಲ್ಲಿ ಅಪ್ಪನೋ, ಮಾವನೋ, ಅಣ್ಣನೋ ಇಲ್ಲದ ಮಕ್ಕಳು ಕಮ್ಮಿ. ಕೊಡಗು ಅಂದರೆ ಹಾಗೆ. ನಾವು ಸೈನಿಕರನ್ನು ಪ್ರೀತಿಸುವವರು. ಅದಕ್ಕೇ ಈ ಪ್ರಶ್ನೆ ನಮ್ಮ ಮನೆಯೊಳಗೂ ಬರಬೇಕು.

1987ರ ಅಕ್ಟೋಬರ್ 21. ಅಂದು ದೀಪಾವಳಿ. ಶ್ರೀಲಂಕಾದ ಜಾಫ್ನಾ ಆಸ್ಪತ್ರೆಯೊಳಗೆ ನಮ್ಮ ಶಾಂತಿಪಾಲನಾ ಪಡೆ ನುಗ್ಗಿತು. ಎರಡು ದಿನದಲ್ಲಿ ರೋಗಿಗಳು, ಡಾಕ್ಟರುಗಳು, ನರ್ಸುಗಳು ಸೇರಿ ಅರವತ್ತಕ್ಕೂ ಹೆಚ್ಚು ಜನ ಸತ್ತರು. ಒಳಗೆ ತಮಿಳು ಬಂಡುಕೋರರ ಸಂಘಟನೆ ಎಲ್‌ಟಿಟಿಇ ಇತ್ತು, ಗುಂಡಿನ ಚಕಮಕಿಯಲ್ಲಿ ಸತ್ತರು ಎಂದು ನಮ್ಮ ಕಡೆಯವರು ಹೇಳಿದರು. ಎಲ್‌ಟಿಟಿಇ ಹುಡುಗರು ಅಷ್ಟೊತ್ತಿಗೆ ಹೊರಟುಹೋಗಿದ್ದರು ಎಂದು ಬದುಕುಳಿದ ಸಿಬ್ಬಂದಿ ಹೇಳಿದರು. ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. ನನ್ನ ತರಗತಿಯಲ್ಲಿ ಪ್ರತಿ ವರ್ಷ ಕೇಳುತ್ತೇನೆ, ಇದನ್ನು ಎಷ್ಟು ಜನ ಕೇಳಿದ್ದೀರಿ ಅಂತ. ಒಂದು ಕೈಯೂ ಏಳುವುದಿಲ್ಲ. ನಾನೇ ಇತಿಹಾಸ ಎಂ.ಎ. ಮುಗಿಸಿ ಎಷ್ಟೋ ವರ್ಷದವರೆಗೆ ಕೇಳಿರಲಿಲ್ಲ. ಮೈ ಲಾಯ್ ಮಾತ್ರ ಬಾಯಿಪಾಠ ಇತ್ತು.

ಆ ಕಾರ್ಯಾಚರಣೆಯಲ್ಲಿ ನಮ್ಮ ಸುಮಾರು 1200 ಸೈನಿಕರೂ ಪ್ರಾಣ ಬಿಟ್ಟರು. ನಮ್ಮ ಬೀದಿಯಲ್ಲಿ ಆಗ ಅಲ್ಲಿದ್ದ ಒಬ್ಬ ನಿವೃತ್ತ ಸುಬೇದಾರರಿದ್ದಾರೆ. ಆ ದಿನಗಳ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ಒಮ್ಮೆ ಮಾತ್ರ ಕಾಫಿ ಕುಡಿಯುತ್ತಾ ಹೇಳಿದರು, "ನಮ್ಮನ್ನ ಅಲ್ಲಿಗೆ ಯಾಕೆ ಕಳಿಸಿದ್ರು ಅಂತ ಇವತ್ತಿನವರೆಗೂ ಒಬ್ರೂ ನನ್ನ ಕೇಳಿಲ್ಲ ಟೀಚರ್. ಕಾರ್ಗಿಲ್ ಬಗ್ಗೆ ಎಲ್ರೂ ಕೇಳ್ತಾರೆ." 1990ರ ಮಾರ್ಚಿನಲ್ಲಿ ಪಡೆಯ ಕೊನೆಯ ತಂಡ ಮದ್ರಾಸಿಗೆ ಬಂದಿಳಿದಾಗ ಅಲ್ಲಿನ ಮುಖ್ಯಮಂತ್ರಿ ಸ್ವಾಗತಿಸಲು ಹೋಗಲಿಲ್ಲ. ಸತ್ತ ರೋಗಿಗಳನ್ನೂ ನಾವು ಮರೆತೆವು, ಸತ್ತ ಸೈನಿಕರನ್ನೂ ಮರೆತೆವು. ಅವರನ್ನು ಅಲ್ಲಿಗೆ ಕಳಿಸಿದ ತೀರ್ಮಾನದ ಬಗ್ಗೆ ಯಾರನ್ನೂ ಗಟ್ಟಿಯಾಗಿ ಕೇಳಲಿಲ್ಲ. ಸೈನಿಕನನ್ನು ಪ್ರೀತಿಸುತ್ತೇವೆ ಅನ್ನುವವರು ಮೊದಲು ಕೇಳಬೇಕಾದದ್ದು ಅದನ್ನೇ ಅಂತ ಆ ದಿನ ನನಗೆ ಅನ್ನಿಸಿತು.

ಈ ವರ್ಷದ ತರಗತಿಯಲ್ಲಿ ಪ್ರಶ್ನೆ ಸ್ವಲ್ಪ ಬೇರೆ ದಿಕ್ಕಿನಿಂದ ಬಂತು. ಹಿಂದಿನ ಬೆಂಚಿನ ಒಬ್ಬ ಹುಡುಗಿ. ಅವಳ ಅಣ್ಣ ಅಗ್ನಿವೀರನಾಗಿ ಸೇರಿದ್ದಾನೆ. ಪಾಠ ನಡೆಯುವಾಗ ಅವಳ ಮುಖ ಬಿಗಿದಿತ್ತು. ಕೊನೆಗೆ ಎದ್ದು ನಿಂತು, "ಆ ಸೈನಿಕರೂ ಯಾರದ್ದೋ ಮಕ್ಕಳಲ್ವಾ ಮೇಡಂ? ಮೇಲಿನವರು ಹೇಳಿದ್ರೆ ಅವರಾದ್ರೂ ಏನ್ ಮಾಡ್ಬೇಕು?" ಅಂದಳು. ದನಿಯಲ್ಲಿ ಸಿಟ್ಟಿತ್ತು. ಆ ಸಿಟ್ಟು ನನಗೆ ಅರ್ಥವಾಯಿತು. 1971ರ ತಂತಿಗಳಲ್ಲಿ ಇದ್ದದ್ದೂ ಇದೇ ಇರಬೇಕು.

ನಾನು ಥಾಂಪ್ಸನ್ ವಿಷಯವನ್ನು ಇನ್ನೊಮ್ಮೆ ಹೇಳಿದೆ. ಅವನಿಗೂ 24 ವರ್ಷ. ಅವನೂ ಜಾರ್ಜಿಯಾದ ಹಳ್ಳಿ ಕಡೆಯ ಹುಡುಗ. ಅದೇ ಸೇನೆ, ಅದೇ ಬೆಳಿಗ್ಗೆ, ಅದೇ ಊರು. ಕಾಲುವೆ ಅಂಚಿನಲ್ಲಿ ನಿಂತು ಕ್ಯಾಲಿ ಕೊಟ್ಟ ಆದೇಶವನ್ನು ಪಾಲಿಸಲು ಒಪ್ಪದ ಸೈನಿಕರೂ ಇದ್ದರು ಎಂದು ಅದೇ ವಿಚಾರಣೆಯಲ್ಲಿ ಸಾಕ್ಷಿ ಬಂದಿತ್ತು, ಅದನ್ನೂ ಹೇಳಿದೆ. ಅವಳು ಏನೂ ಹೇಳದೆ ಕೂತಳು. ಗಂಟೆ ಹೊಡೆಯಿತು.

ಸ್ಟಾಫ್ ರೂಮಿನ ಬಾಗಿಲ ಹತ್ತಿರ ಬಂದು ಕಾಯುತ್ತಿದ್ದಳು. ಕೈಯಲ್ಲಿ ನೋಟ್‌ಬುಕ್ ಇತ್ತು. ಆ ಹೆಲಿಕಾಪ್ಟರಿನಲ್ಲಿದ್ದ ಮೂವರ ಹೆಸರು ಇನ್ನೊಂದು ಸಲ ಹೇಳಿ ಮೇಡಂ ಅಂದಳು. ಬರೆದುಕೊಂಡಳು. ಆಂಡ್ರಿಯೋಟಾ ಹೆಸರಿನ ಹತ್ತಿರ ಬಂದಾಗ ನಿಲ್ಲಿಸಿ, ಅವನು ಎತ್ತಿಕೊಂಡು ಬಂದ ಮಗು ಬದುಕಿತಾ ಅಂತ ಕೇಳಿದಳು. ಬದುಕಿತು ಅಂದೆ. ಅದನ್ನೂ ಆ ಹೆಸರಿನ ಪಕ್ಕ ಬರೆದುಕೊಂಡಳು. ಭಾನುವಾರ ಅಣ್ಣನ ಫೋನ್ ಬರುತ್ತದಂತೆ.